ವೇಗಕ್ಕಾಗಿ ಕೈಬಿಟ್ಟ ಎರರ್ ಚೆಕ್: ಬೆಲೆ ಯಾರು ತೆರಬೇಕು?

ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವಾಗ ಎಳೆ ಕಿತ್ತರೆ ನೇಕಾರರು ಮಗ್ಗ ನಿಲ್ಲಿಸಿ, ಗಂಟು ಹಾಕಿ ಮುಂದುವರಿಯುತ್ತಾರೆ. ಪಕ್ಕದ ಚಳ್ಳಕೆರೆಯ ಆಕಾಶದಲ್ಲಿ ಆ ಅನುಕೂಲ ಇಲ್ಲ. ಅಲ್ಲಿನ ಡಿಆರ್‌ಡಿಒ ಏರೋನಾಟಿಕಲ್ ಟೆಸ್ಟ್ ರೇಂಜ್‌ನಲ್ಲಿ 2024ರ ಜೂನ್ 23ರಂದು ಇಸ್ರೋದ 'ಪುಷ್ಪಕ್' ನೌಕೆಯನ್ನು ಹೆಲಿಕಾಪ್ಟರ್ 4.5 ಕಿ.ಮೀ. ಎತ್ತರದಿಂದ ಬಿಟ್ಟಿತು. ಅದೂ ಬೇಕೆಂದೇ, ರನ್‌ವೇ ನೇರಕ್ಕೆ 500 ಮೀಟರ್ ಪಕ್ಕದಲ್ಲಿ. ಪೈಲಟ್ ಇಲ್ಲದ ನೌಕೆ ತಾನೇ ದಾರಿ ತಿದ್ದಿಕೊಂಡು, ಗಂಟೆಗೆ 320 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಇಳಿಯಿತು. ಆ ವೇಗದಲ್ಲಿ ಸೆಕೆಂಡಿನ ನೂರನೇ ಒಂದು ಭಾಗ ತಡವಾದರೂ ನೌಕೆ ಸುಮಾರು 90 ಸೆಂ.ಮೀ. ಮುಂದೆ ಹೋಗಿರುತ್ತೆ.

ಏನಿದು ಲೆಕ್ಕಾಚಾರ?

ಇಂಥ ಕೋಡ್ ಕೊಡುವ ಉತ್ತರ ಸರಿಯಿದ್ದರೆ ಸಾಲದು, ಹೊತ್ತಿಗೆ ಸರಿಯಾಗಿ ಬರಬೇಕು. ಪ್ರತಿ ಸಲವೂ 'ಈ ಸಂಖ್ಯೆ ಮಿತಿಯೊಳಗಿದೆಯಾ?' ಅಂತ ಪರೀಕ್ಷಿಸಿದರೆ ಪ್ರೊಸೆಸರ್ ಸಮಯ ಖರ್ಚಾಗುತ್ತೆ. ಪರೀಕ್ಷಿಸದಿದ್ದರೆ?

1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ಹಾರಿದ ಸುಮಾರು 40 ಸೆಕೆಂಡಿಗೇ ಛಿದ್ರವಾಯಿತು. 64 ಬಿಟ್ ಸಂಖ್ಯೆಯನ್ನು 16 ಬಿಟ್‌ಗೆ ಇಳಿಸುವಾಗ ಅದು ಹಿಡಿಸಲಿಲ್ಲ. ಕಂಪ್ಯೂಟರ್ ಮೇಲಿನ ಹೊರೆ ಶೇ. 80 ಮೀರಬಾರದೆಂದು, ಅಪಾಯವಿದ್ದ ಏಳು ವೇರಿಯಬಲ್‌ಗಳಲ್ಲಿ ನಾಲ್ಕಕ್ಕೆ ಮಾತ್ರ ರಕ್ಷಣೆ ಕೊಟ್ಟಿದ್ದರು. ಏರಿಯಾನ್ 4ಕ್ಕೆ ಆ ನಿರ್ಧಾರ ನಡೆಯಿತು. ಹೆಚ್ಚು ವೇಗದ ಹೊಸ ರಾಕೆಟ್‌ಗೆ ನಡೆಯಲಿಲ್ಲ. ಬದಲಿ ಕಂಪ್ಯೂಟರ್‌ನಲ್ಲೂ ಅದೇ ಕೋಡ್ ಇತ್ತು. ಎರರ್ ಬಂದಾಗ ಎರಡೂ ಕೆಲಸ ನಿಲ್ಲಿಸಿದವು. ಮಗ್ಗವಾದರೆ ನಿಲ್ಲಿಸಬಹುದಿತ್ತು.

ಹಾಗಾದರೆ ದಾರಿ?

ಹೊರಗಿಂದ ಬರುವ ಡೇಟಾವನ್ನು ಬಾಗಿಲಲ್ಲೇ ಒಮ್ಮೆ ಪರೀಕ್ಷಿಸಿ, ಒಳಗಿನ ಲೂಪ್ ಹಗುರ ಇಡಬಹುದು. ಎರರ್ ಬಂದಾಗ ನಿಲ್ಲಬೇಕಾ, ಇದ್ದುದರಲ್ಲೇ ನಿಭಾಯಿಸಬೇಕಾ ಅನ್ನೋದನ್ನು ಮೊದಲೇ ತೀರ್ಮಾನಿಸಬೇಕು. ಯಾವ ಚೆಕ್ ಬಿಟ್ಟೆವು, ಯಾಕೆ ಬಿಟ್ಟೆವು ಅಂತ ಕೋಡ್‌ನಲ್ಲೇ ಬರೆದಿಡಬೇಕು. ಏರಿಯಾನ್ ತನಿಖೆಗೆ ಆ ಕಾರಣ ಕೋಡ್‌ನಲ್ಲಿ ಸಿಗಲಿಲ್ಲ. ಎಂಜಿನಿಯರಿಂಗ್ ಓದುವಾಗ ನಾನೂ ಪ್ರೋಗ್ರಾಂ ಓಡಲಿ ಅಂತ ಚೆಕ್‌ಗಳನ್ನು ಅಳಿಸಿದವನೇ, ಒಂದು ಸಾಲು ಕಾಮೆಂಟೂ ಬರೆಯದೆ.

2019ರ ಸೆಪ್ಟೆಂಬರ್ 17ರಂದು ಚಿತ್ರದುರ್ಗ ಜಿಲ್ಲೆಯ ಜೋಡಿಚಿಕ್ಕೇನಹಳ್ಳಿ ಬಳಿ ಡಿಆರ್‌ಡಿಒದ ಮಾನವರಹಿತ ವಿಮಾನ ರುಸ್ತುಂ-2 ಪರೀಕ್ಷೆಯ ವೇಳೆ ಜಮೀನಿಗೆ ಬಿತ್ತು. ಅದಕ್ಕೆ ಕೋಡೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಎಷ್ಟು ರಿಸ್ಕ್ ಸಾಕು ಎಂದು ಲ್ಯಾಬ್‌ನಲ್ಲಿ ಕೂತವರು ತೀರ್ಮಾನಿಸುವಾಗ, ಕೆಳಗೆ ಉಳುವವರು, ಕುರಿ ಮೇಯಿಸುವವರು ಇದ್ದಾರೆ ಎಂಬುದೂ ಆ ಲೆಕ್ಕದಲ್ಲಿ ಇರಬೇಕು.