ಕೂಚಿಪೂಡಿ ಭಾಗವತ ಮೇಳ

ಆಂಧ್ರಪ್ರದೇಶದ ಕೃಷ್ಣಾ ಜಿಲ್ಲೆಯ ಕೂಚಿಪೂಡಿ ಗ್ರಾಮದ ನೃತ್ಯನಾಟಕ ತಂಡಗಳ ಪರಂಪರೆ. ವಿಜಯವಾಡದ ಬೆಂಜ್ ಸರ್ಕಲ್‌ನಿಂದ ಬಂದರು ರಸ್ತೆ ಹಿಡಿದು ಕಂಕಿಪಾಡು, ಉಯ್ಯೂರು, ಪಾಮರ್ರು ದಾಟಿದರೆ ಈ ಊರು. ವೇದಾಂತಂ, ವೆಂಪಟಿ, ಚಿಂತಾ, ಪಸುಮರ್ತಿ, ಭಾಗವತುಲ ಮೊದಲಾದ ಬ್ರಾಹ್ಮಣ ಮನೆತನಗಳ ಗಂಡಸರು ಮಾತ್ರ ಮೇಳ ಕಟ್ಟಿಕೊಂಡು ಊರೂರು ತಿರುಗುತ್ತಿದ್ದರು.

ಹಳೆಯ ದಾಖಲೆಯೆಂದು ಎತ್ತಿ ಹೇಳುವುದು ಮಾಚುಪಲ್ಲಿ ಕೈಫಿಯತ್ತನ್ನು. ಸಿದ್ಧವಟದ ಸಂಬೆಟ ಗುರವರಾಜು ತೆರಿಗೆಗಾಗಿ ಹೆಂಗಸರನ್ನು ಹಿಂಸಿಸುತ್ತಿದ್ದುದನ್ನು ಕಲಾವಿದರು ವಿಜಯನಗರದ ವೀರನರಸಿಂಹರಾಯನ ಮುಂದೆ ವೇಷ ಕಟ್ಟಿ ಆಡಿ ತೋರಿಸಿದರಂತೆ. ಅರಸ ವಿಚಾರಣೆ ನಡೆಸಿ ಅವನನ್ನು ಶಿಕ್ಷಿಸಿದನಂತೆ. ಇದಕ್ಕೆ 1502 ಎಂಬ ಇಸವಿ ರೂಢಿಯಲ್ಲಿದೆ. ವೀರನರಸಿಂಹ ಪಟ್ಟಕ್ಕೆ ಬಂದದ್ದು 1505ರಲ್ಲಿ. ಹೀಗಾಗಿ ಇಸವಿಯನ್ನು ಹಾಗೇ ಒಪ್ಪಿಕೊಳ್ಳುವುದು ಕಷ್ಟ. ಗೋಲ್ಕೊಂಡದ ಅಬುಲ್ ಹಸನ್ ತಾನಾಷಾ ಮೇಳದ ಆಟ ಮೆಚ್ಚಿ 1678ರಲ್ಲಿ ಊರನ್ನೇ ಅಗ್ರಹಾರವಾಗಿ ಬಿಟ್ಟುಕೊಟ್ಟನೆಂಬುದು ಇನ್ನೊಂದು ಪ್ರತೀತಿ.

ಮೇಳದ ಬೆನ್ನೆಲುಬು ಸಿದ್ಧೇಂದ್ರ ಯೋಗಿಯ 'ಭಾಮಾಕಲಾಪಂ' ಎಂಬ ನೃತ್ಯನಾಟಕ. ಊರಿನ ಪ್ರತಿ ಗಂಡುಮಗನೂ ಬದುಕಿನಲ್ಲಿ ಒಮ್ಮೆಯಾದರೂ ಸತ್ಯಭಾಮೆಯ ವೇಷ ಹಾಕಬೇಕೆಂದು ಅವನು ಕಟ್ಟಳೆ ಮಾಡಿದನೆಂದು ಹೇಳುತ್ತಾರೆ. ರಾತ್ರಿ, ಪಂಜಿನ ಬೆಳಕು. ಇಬ್ಬರು ತೆರೆ ಹಿಡಿದು ನಿಂತಿರುತ್ತಾರೆ. ಒಳಗಿನಿಂದ ಉದ್ದನೆಯ ಜಡೆಯೊಂದು ತೆರೆಯ ಮೇಲೆ ಹಾದು ಸಭಿಕರ ಕಡೆ ಬಂದು ಬೀಳುತ್ತದೆ: ವಿದ್ಯೆಯಲ್ಲಿ ನನ್ನನ್ನು ಸೋಲಿಸುವವರಿದ್ದರೆ ಈ ಜಡೆ ಕತ್ತರಿಸಿ ಎಂಬ ಸವಾಲು. ಆಮೇಲೆಯೇ ದರು ಎಂಬ ಪ್ರವೇಶದ ಹಾಡು, ಭಾಮೆಯ ಕುಣಿತ. ಒಡ್ಡೋಲಗ ಕಂಡ ಯಕ್ಷಗಾನದ ಪ್ರೇಕ್ಷಕರಿಗೆ ಈ ತೆರೆ ಹೊಸದಲ್ಲ, ಉತ್ತರ ಕರ್ನಾಟಕದ ಶ್ರೀಕೃಷ್ಣ ಪಾರಿಜಾತ ಬಲ್ಲವರಿಗೆ ಈ ಮುನಿದ ಭಾಮೆ ಹೊಸಬಳಲ್ಲ.

ಮೇಳದ ಬಿಗಿ ಇರುವುದು ಸಾಲಾಗಿ ನಿಂತವರು ಒಟ್ಟಿಗೆ ಕೈ ಎತ್ತುವುದರಲ್ಲಲ್ಲ, ಸೂತ್ರಧಾರನ ತಾಳದಲ್ಲಿ. ತಾಳ ಹಿಡಿದು, ಜತಿ ಹೇಳಿ, ಹಾಡಿ, ನಡುನಡುವೆ ಭಾಮೆಯ ಸಖಿ ಮಾಧವಿಯಾಗಿ ಹಾಸ್ಯಕ್ಕೆ ಇಳಿಯುವವನೂ ಅವನೇ. ಭಾಮೆ ತಾನೇ ಮಾತಾಡಬೇಕು, ಹಾಡಬೇಕು, ಕುಣಿಯಬೇಕು. ಮೂರರಲ್ಲಿ ಒಂದು ಜಾರಿದರೂ ತಾಳ ಕಾಯುವುದಿಲ್ಲ. ತರಂಗವೆಂಬ ನೃತ್ಯಭಾಗದಲ್ಲಂತೂ ಹಿತ್ತಾಳೆ ತಟ್ಟೆಯ ಅಂಚನ್ನು ಪಾದಗಳಿಂದ ಹಿಡಿದು ಲಯ ತಪ್ಪದಂತೆ ಮುಂದೆ ಸಾಗಬೇಕು.

20ನೇ ಶತಮಾನ ಇದನ್ನೆಲ್ಲ ಬದಲಿಸಿತು. ವೇದಾಂತಂ ಲಕ್ಷ್ಮೀನಾರಾಯಣ ಶಾಸ್ತ್ರಿ ಮೇಳದ ಹೊರಗಿನವರಿಗೆ, ಹೆಣ್ಣುಮಕ್ಕಳಿಗೂ ಕಲಿಸಿದರು. ಏಕವ್ಯಕ್ತಿ ಪ್ರದರ್ಶನಕ್ಕೆ ದಾರಿಯಾಯಿತು. ಚಿಂತಾ ವೆಂಕಟರಾಮಯ್ಯನವರ ವೆಂಕಟರಾಮ ನಾಟ್ಯಮಂಡಳಿ ಹಳೆಯ ಆಟಗಳನ್ನು ಉಳಿಸಿಕೊಂಡಿತು. ಸ್ತ್ರೀವೇಷಕ್ಕೆ ಹೆಸರಾದ ವೇದಾಂತಂ ಸತ್ಯನಾರಾಯಣ ಶರ್ಮರ ಭಾಮೆ ಗಂಡಸೆಂದು ನಂಬಲಾಗದಷ್ಟು ಸಹಜವಾಗಿತ್ತು; ಅವರಿಗೆ 1970ರಲ್ಲಿ ಪದ್ಮಶ್ರೀ ಬಂತು. ವೆಂಪಟಿ ಚಿನ್ನ ಸತ್ಯಂ 1963ರಲ್ಲಿ ಮದ್ರಾಸಿನಲ್ಲಿ ಕೂಚಿಪೂಡಿ ಆರ್ಟ್ ಅಕಾಡೆಮಿ ತೆರೆದು, 'ಕ್ಷೀರಸಾಗರ ಮಥನಂ'ನಂಥ ನೃತ್ಯನಾಟಕಗಳಲ್ಲಿ ಸಮೂಹವನ್ನು ಅಚ್ಚುಕಟ್ಟಾದ ಸಾಲು, ಕೋನಗಳಲ್ಲಿ ನಿಲ್ಲಿಸಿದರು. ಇಂದು ನಾವು ಕಾಣುವ ಏಕರೂಪದ ಗುಂಪುನೃತ್ಯ ಬಹುಮಟ್ಟಿಗೆ ಅವರ ಕಾಲದ್ದು.

ಅದರ ಮುಂದಿನ ಹೆಜ್ಜೆ ದಾಖಲೆಯ ಹುಚ್ಚು. ಹೈದರಾಬಾದಿನಲ್ಲಿ 2010ರ ಡಿಸೆಂಬರ್‌ನಲ್ಲಿ 2,850 ಮಂದಿ, ವಿಜಯವಾಡದಲ್ಲಿ 2016ರ ಡಿಸೆಂಬರ್‌ನಲ್ಲಿ 6,117 ಮಂದಿ ಏಕಕಾಲಕ್ಕೆ ಕುಣಿದು ಗಿನ್ನೆಸ್ ಪುಸ್ತಕ ಸೇರಿದರು. ಕಣ್ಣಿಗೆ ಹಬ್ಬವೇನೋ ಹೌದು. ಆದರೆ ಅಷ್ಟು ಜನರಲ್ಲಿ ಸೂತ್ರಧಾರನ ತಮಾಷೆಗೆ ಭಾಮೆ ಥಟ್ಟನೆ ತಿರುಗಿ ಕೊಡುವ ಉತ್ತರಕ್ಕೆ ಜಾಗವಿಲ್ಲ.

ಕರ್ನಾಟಕಕ್ಕೆ ಈ ನೃತ್ಯ ಮುಖ್ಯವಾಗಿ ಬೆಂಗಳೂರಿನ ಮೂಲಕ ಬಂತು. ಚಿನ್ನ ಸತ್ಯಂ ಅವರ ಶಿಷ್ಯೆ, 'ಶಂಕರಾಭರಣಂ' ಚಿತ್ರದ ಮಂಜು ಭಾರ್ಗವಿ ಇಲ್ಲಿ ನೆಲೆಸಿ ಕಲಿಸಿದರು. ಗುಬ್ಬಿ ವೀರಣ್ಣನವರ ಮೊಮ್ಮಗಳು ವೈಜಯಂತಿ ಕಾಶಿ ಶಾಂಭವಿ ನೃತ್ಯಶಾಲೆ ಕಟ್ಟಿದರು.