ಎತ್ತರವಾಗಿಸುವ ಪುಡಿ, ಬೆಳ್ಳಗಾಗಿಸುವ ಮುಲಾಮು



ಟೀವಿ ಜಾಹೀರಾತುಗಳ ಸುಳ್ಳಿನ ಬಗೆಗೆ ಮಾತು ಬಂದಾಗಲೆಲ್ಲ "ಇದೆಲ್ಲ ಈಗಿನ ಕಾಲದ ಹುಚ್ಚು, ನಮ್ಮ ಕಾಲದಲ್ಲಿ ಹೀಗಿರಲಿಲ್ಲ" ಎಂದು ಹೇಳುವ ಹಿರಿಯರು ನಮ್ಮಲ್ಲಿ ಅನೇಕರಿದ್ದಾರೆ. ಇತಿಹಾಸದ ಮೇಷ್ಟ್ರಾದ ನಾನು ಈ ಮಾತನ್ನು ಒಪ್ಪಲಾರೆ. ಸುಳ್ಳು ಜಾಹೀರಾತು ಟೀವಿಯೊಡನೆ ಹುಟ್ಟಿದ್ದಲ್ಲ. ಸ್ವಾತಂತ್ರ್ಯಪೂರ್ವದ ಪತ್ರಿಕೆಗಳ ಹಾಳೆಗಳನ್ನು ತಿರುವಿದರೆ ಧಾತುಪುಷ್ಟಿಯ ಲೇಹ್ಯ, ಸಂತಾನಭಾಗ್ಯದ ಗುಳಿಗೆ, ವಶೀಕರಣದ ತಾಯಿತ ಎಲ್ಲವೂ ಅಂಚೆಯ ಮೂಲಕ ಮನೆಬಾಗಿಲಿಗೆ ಬರುತ್ತಿದ್ದುದು ತಿಳಿಯುತ್ತದೆ. ಟೀವಿ ಮಾಡಿದ್ದು ಇಷ್ಟೇ: ಅಕ್ಷರ ಬಾರದವರಿಗೂ ಆ ಸುಳ್ಳನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು, ಅದಕ್ಕೆ ರಾಗ ಹಾಕಿತು.

ಸ್ವತಂತ್ರ ಭಾರತದ ಸಂಸತ್ತು ಈ ವಿಷಯದಲ್ಲಿ ಬಹು ಬೇಗನೆ ಎಚ್ಚೆತ್ತುಕೊಂಡಿತು ಎಂಬುದನ್ನು ನಾವು ಮರೆಯಬಾರದು. ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತುಗಳ) ಕಾಯಿದೆ 1954ರಲ್ಲಿಯೇ ಅಂಗೀಕೃತವಾಗಿ 1955ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಕೆಲವು ರೋಗಗಳಿಗೆ ಇಂಥ ಔಷಧವನ್ನು ತೆಗೆದುಕೊಳ್ಳಿ ಎಂದು ಸಾರ್ವಜನಿಕರಿಗೆ ಜಾಹೀರಾತು ನೀಡುವುದನ್ನೇ ಈ ಕಾಯಿದೆ ಅಪರಾಧವೆಂದು ಸಾರಿತು. ಮಂತ್ರ, ಕವಚ, ತಾಯಿತಗಳಿಂದ ರೋಗ ವಾಸಿಮಾಡುತ್ತೇವೆಂಬ ಪ್ರಚಾರವನ್ನೂ ನಿಷೇಧಿಸಿತು. ತರ್ಕ ಸರಳವಾದುದು. ಕೆಲವು ಕಾಯಿಲೆಗಳಲ್ಲಿ ರೋಗಿ ವೈದ್ಯರ ಬಳಿಗೆ ಹೋಗದೆ ತಾನೇ ಮದ್ದು ಮಾಡಿಕೊಂಡರೆ ಅಪಾಯವಾಗುತ್ತದೆ. ಆದ್ದರಿಂದ ಅಂಥ ಕಾಯಿಲೆಗಳ ಮಟ್ಟಿಗೆ ಔಷಧ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಗೆ ಮೊದಲೇ ಜಾಹೀರಾತನ್ನು ತಡೆಯತಕ್ಕದ್ದು.

ಈ ಕಾಯಿದೆಯನ್ನು ದೆಹಲಿಯ ಹಮ್‌ದರ್ದ್ ದವಾಖಾನೆಯವರು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. ಜಾಹೀರಾತು ಕೊಡುವುದು ನಮ್ಮ ವಾಕ್‌ಸ್ವಾತಂತ್ರ್ಯದ ಭಾಗ, ಅದನ್ನು ಸರಕಾರ ಕಿತ್ತುಕೊಳ್ಳಲಾಗದು ಎಂಬುದು ಅವರ ವಾದದ ತಿರುಳು. ಐವರು ನ್ಯಾಯಮೂರ್ತಿಗಳ ಪೀಠ 1959ರ ಡಿಸೆಂಬರಿನಲ್ಲಿ ತೀರ್ಪು ನೀಡಿತು. ಜಾಹೀರಾತು ಮಾತಿನ ಒಂದು ರೂಪವೇನೋ ಸರಿ. ಆದರೆ ಸರಕು ಮಾರುವ ಸಲುವಾಗಿ ಆಡಿದ ಮಾತಿಗೆ ವಿಚಾರ ಪ್ರಸಾರದ ಮಾತಿನ ರಕ್ಷಣೆ ದೊರೆಯದು ಎಂದು ನ್ಯಾಯಾಲಯ ಹೇಳಿತು. ಆದರೂ ಸರಕಾರಕ್ಕೆ ಪೂರ್ಣ ಜಯವಾಗಲಿಲ್ಲ. ಯಾವ ಮಾನದಂಡವೂ ಇಲ್ಲದೆ ತನಗೆ ತೋಚಿದ ರೋಗವನ್ನೆಲ್ಲ ಪಟ್ಟಿಗೆ ಸೇರಿಸುವ ಅಧಿಕಾರವನ್ನೂ, ಮುಟ್ಟುಗೋಲಿನ ಅಧಿಕಾರವನ್ನೂ ನ್ಯಾಯಾಲಯ ರದ್ದುಗೊಳಿಸಿತು. ಆಗ ಸಂಸತ್ತು 1963ರಲ್ಲಿ ಕಾಯಿದೆಯನ್ನು ತಿದ್ದಿ, 54 ರೋಗ ಹಾಗೂ ಸ್ಥಿತಿಗಳ ಅನುಸೂಚಿಯನ್ನು ಕಾಯಿದೆಯೊಳಗೇ ಸೇರಿಸಿತು. ಈ ಅನುಸೂಚಿಯನ್ನು ನೀವೆಲ್ಲ ಒಮ್ಮೆ ಓದಬೇಕು. ಕ್ಯಾನ್ಸರ್, ಮಧುಮೇಹ, ರಕ್ತದೊತ್ತಡ, ಕಿವುಡು, ಮೂರ್ಛೆರೋಗ, ಬೊಜ್ಜು ಇವೆಲ್ಲ ಅದರಲ್ಲಿವೆ. ಅಷ್ಟೇ ಅಲ್ಲ, ಮನುಷ್ಯನ ಎತ್ತರವೂ ಅದರಲ್ಲಿದೆ! ಎತ್ತರ ಹೆಚ್ಚಿಸುವ ಔಷಧವೆಂದು ಜಾಹೀರಾತು ಕೊಡುವುದು ಅರುವತ್ತು ವರ್ಷಗಳಿಗೂ ಹಿಂದಿನಿಂದ ಅಪರಾಧ. ಅದೇ ಮಾತನ್ನು ಹಾಲಿಗೆ ಬೆರೆಸುವ ಪುಡಿಯ ಡಬ್ಬಿಯ ಮೇಲೆ ಬರೆದರೆ ಅದು ಔಷಧವಲ್ಲ, ಆಹಾರ. ಈ ಸೂಕ್ಷ್ಮಕ್ಕೆ ಮತ್ತೆ ಬರುತ್ತೇನೆ.

ಈಗ ಟೀವಿಯ ಕಥೆ. ಆಕಾಶವಾಣಿ ಬಹುಕಾಲ ಜಾಹೀರಾತುಗಳನ್ನು ಹತ್ತಿರ ಸೇರಿಸಿರಲಿಲ್ಲ. 1952ರಲ್ಲಿ ಆರಂಭವಾದ ಬಿನಾಕಾ ಗೀತ್‌ಮಾಲಾ ಒಂದು ಟೂತ್‌ಪೇಸ್ಟಿನ ಹೆಸರನ್ನು ಹೊತ್ತು ರೇಡಿಯೋ ಸಿಲೋನಿನಿಂದ ಬರಬೇಕಾಯಿತು. ವಿವಿಧ ಭಾರತಿಯಲ್ಲಿ ವಾಣಿಜ್ಯ ಪ್ರಸಾರ ಆರಂಭವಾದದ್ದು 1967ರಲ್ಲಿ. ದೂರದರ್ಶನದಲ್ಲಿ 1976ರ ಜನವರಿ 1ರಂದು. 1984ರ 'ಹಮ್ ಲೋಗ್' ಧಾರಾವಾಹಿ ಮ್ಯಾಗಿ ನೂಡಲ್ಸಿನ ಪ್ರಾಯೋಜಕತ್ವದಲ್ಲಿ ಬಂದಿತು. 1987ರಲ್ಲಿ ರಾಮಾಯಣ ಆರಂಭವಾದಾಗ ಭಾನುವಾರ ಬೆಳಿಗ್ಗೆ ಬೀದಿಗೊಂದರಂತಿದ್ದ ಟೀವಿಯ ಮುಂದೆ ಚಾಪೆ ಹಾಸಿ ಕುಳಿತವರಲ್ಲಿ ನಿಮ್ಮ ತಂದೆತಾಯಿಗಳೂ ಇದ್ದಿರಬೇಕು. ರಾಮ ಬರುವ ಮೊದಲು ಸಾಬೂನು ಬರುತ್ತಿತ್ತು. ಸಾಬೂನಿನ ಮಾತನ್ನೂ ಜನ ಭಕ್ತಿಯಿಂದಲೇ ಕೇಳುತ್ತಿದ್ದರು.

ಆ ಹೊತ್ತಿಗೆ ಕಾನೂನಿನ ಇನ್ನೆರಡು ಬಾಗಿಲುಗಳು ತೆರೆದಿದ್ದವು. ಏಕಸ್ವಾಮ್ಯ ನಿಯಂತ್ರಣಕ್ಕೆಂದು 1969ರಲ್ಲಿ ಬಂದ ಎಂ.ಆರ್.ಟಿ.ಪಿ. ಕಾಯಿದೆಗೆ 1984ರ ತಿದ್ದುಪಡಿಯಿಂದ 'ಅನುಚಿತ ವ್ಯಾಪಾರ ಪದ್ಧತಿ' ಎಂಬ ಭಾಗ ಸೇರಿತು. 1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯಿದೆ ಬಂದಿತು. 1985ರಲ್ಲಿ ಜಾಹೀರಾತುದಾರರೇ ಸೇರಿ ಭಾರತೀಯ ಜಾಹೀರಾತು ಮಾನದಂಡ ಮಂಡಳಿಯನ್ನು ಕಟ್ಟಿಕೊಂಡರು. ಕಳ್ಳನೇ ಕಾವಲಿಗೆ ನಿಂತಂತಾಯಿತಲ್ಲವೇ ಎಂದು ನೀವು ನಗಬಹುದು. ಆದರೆ ಈ ಮಂಡಳಿಯಿಂದ ಒಂದಿಷ್ಟು ಪ್ರಯೋಜನವಾಗಿದೆ. 2006ರಲ್ಲಿ ಕೇಬಲ್ ಟೀವಿ ನಿಯಮಗಳನ್ನು ತಿದ್ದಿ, ಮಂಡಳಿಯ ಸಂಹಿತೆಯನ್ನು ಮೀರಿದ ಜಾಹೀರಾತನ್ನು ಪ್ರಸಾರ ಮಾಡಕೂಡದೆಂದು ವಿಧಿಸಿದ ಮೇಲೆ ಅದರ ಮಾತಿಗೆ ತೂಕವೂ ಬಂದಿತು.

ಎಂ.ಆರ್.ಟಿ.ಪಿ. ಆಯೋಗದ ಮುಂದೆ ಬಂದ ಒಂದು ಮೊಕದ್ದಮೆ ನನಗೆ ಬಹಳ ಪ್ರಿಯವಾದುದು, ಏಕೆಂದರೆ ಅದರಲ್ಲಿ ಗಣಿತದ ಪಾಠವಿದೆ. 1997ರಲ್ಲಿ ಹಿಂದೂಸ್ತಾನ್ ಲಿವರ್ ಸಂಸ್ಥೆ ತನ್ನ ಹೊಸ ಪೆಪ್ಸೊಡೆಂಟ್ "ಪ್ರಮುಖ ಟೂತ್‌ಪೇಸ್ಟಿಗಿಂತ ಶೇ. 102ರಷ್ಟು ಉತ್ತಮ" ಎಂದು ಸಾರಿತು. ಟೀವಿ ಚಿತ್ರದಲ್ಲಿ ಇಬ್ಬರು ಹುಡುಗರು. ಬೆಳಿಗ್ಗೆ ಯಾವ ಪೇಸ್ಟಿನಿಂದ ಹಲ್ಲುಜ್ಜಿದೆ ಎಂದು ಕೇಳಿದಾಗ ಒಬ್ಬ ಪೆಪ್ಸೊಡೆಂಟ್ ಎನ್ನುತ್ತಾನೆ. ಇನ್ನೊಬ್ಬನ ಉತ್ತರದ ಧ್ವನಿಯನ್ನು ಅಡಗಿಸಲಾಗಿತ್ತು. ಆದರೆ ಅವನ ತುಟಿಯ ಚಲನೆ ಕೋಲ್ಗೇಟ್ ಎಂಬುದನ್ನೇ ಹೇಳುತ್ತಿತ್ತು, ಹಿನ್ನೆಲೆಯಲ್ಲಿ ಕೋಲ್ಗೇಟ್ ಜಾಹೀರಾತಿನ ಪರಿಚಿತ ಸ್ವರವೂ ಕೇಳುತ್ತಿತ್ತು. ಹೆಸರು ಹೇಳದಿದ್ದರೂ ಬೊಟ್ಟು ಮಾಡಿ ತೋರಿಸಿದಂತೆಯೇ ಎಂದು ಆಯೋಗ ಭಾವಿಸಿತು. ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕಂಪನಿಗಳ ಜಗಳ ಅವರಿಗೇ ಇರಲಿ. ನಾವು ಕೇಳಬೇಕಾದ ಪ್ರಶ್ನೆ ಬೇರೆ: ಶೇ. 102 ಎಂದರೆ ಯಾವುದರ ಶೇ. 102? ಹೇಳಿದ್ದು ಬಾಯಿಯ ಕ್ರಿಮಿಗಳ ಲೆಕ್ಕ. ನೋಡುವವರಿಗೆ ಕೇಳಿಸಿದ್ದು ಹಲ್ಲು ಇಮ್ಮಡಿ ಗಟ್ಟಿಯಾಗುತ್ತದೆಂದು. ಶೇಕಡಾವಾರು ಲೆಕ್ಕವನ್ನು ಉತ್ತರಪತ್ರಿಕೆಯಲ್ಲಿ ಸರಿಯಾಗಿ ಬಿಡಿಸಿದವರೇ ಅಂಗಡಿಯಲ್ಲಿ ಮೋಸಹೋಗುವುದು ಇಲ್ಲಿ.

ಎತ್ತರದ ಪುಡಿಗೆ ಬರೋಣ. ಬೆಳೆಯುವ ಮಗು ಏನು ಕುಡಿದರೂ ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯುತ್ತದೆ. ಗೋಡೆಯ ಮೇಲೆ ಗೆರೆ ಹಾಕಿ ತೋರಿಸುವ ಜಾಹೀರಾತಿನಲ್ಲಿ ಬೆಳೆದದ್ದು ಮಗುವೇ ಹೊರತು ಪುಡಿಯ ಮಹಿಮೆಯಲ್ಲ. 2008ರಲ್ಲಿ ಒಂದು ಸ್ವಾರಸ್ಯಕರ ಸಂಗತಿ ನಡೆಯಿತು. ನಮ್ಮ ಉಪಖಂಡದ ವೀಕ್ಷಕರಿಗಾಗಿ ಮಾಡಿದ್ದ ಹಾರ್ಲಿಕ್ಸ್ ಜಾಹೀರಾತೊಂದು ನೇಪಾಳಿ ವಾಹಿನಿಯ ಮೂಲಕ ಬ್ರಿಟನ್ನಿನಲ್ಲಿಯೂ ಪ್ರಸಾರವಾಯಿತು. ಮಕ್ಕಳನ್ನು ಎತ್ತರ, ಬಲಿಷ್ಠ, ಚುರುಕು ಮಾಡುತ್ತದೆಂಬ ಮಾತಿಗೆ ಆಧಾರ ಸಾಲದೆಂದು ಅಲ್ಲಿನ ಜಾಹೀರಾತು ಮಾನದಂಡ ಪ್ರಾಧಿಕಾರ ಅದನ್ನು ತಡೆಯಿತು. ಹಾರ್ಲಿಕ್ಸ್ ಇಂಗ್ಲೆಂಡಿನಲ್ಲಿಯೂ ಮಾರಾಟವಾಗುತ್ತಿದ್ದ ಸರಕು. ಅಲ್ಲಿ ಅದು ರಾತ್ರಿ ಮಲಗುವ ಮುನ್ನ ಕುಡಿಯುವ ಪೇಯ! ಡಬ್ಬಿಯ ಹೆಸರು ಒಂದೇ, ಸಮುದ್ರ ದಾಟಿದೊಡನೆ ಗುಣ ಬೇರೆ. ನಮ್ಮಲ್ಲಿ ಈ ಪುಡಿಗಳಿಗೆ ಅಂಟಿದ್ದ 'ಆರೋಗ್ಯ ಪೇಯ' ಎಂಬ ಬಿರುದು ಅಲುಗಾಡಿದ್ದು 2024ರಲ್ಲಿ. ಆಹಾರ ಸುರಕ್ಷತಾ ಕಾಯಿದೆಯಲ್ಲಿ ಅಂಥ ವರ್ಗವೇ ಇಲ್ಲವೆಂದು ತಿಳಿಸಿ, ಇಂಥ ಪೇಯಗಳನ್ನು ಆ ಪಟ್ಟಿಯಿಂದ ತೆಗೆಯುವಂತೆ ಅಂತರ್ಜಾಲದ ಮಾರಾಟಗಾರರಿಗೆ ಕೇಂದ್ರ ಸರಕಾರ ಆ ವರ್ಷದ ಏಪ್ರಿಲಿನಲ್ಲಿ ಸೂಚಿಸಿತು. ಸಕ್ಕರೆಯ ಪ್ರಮಾಣ ಎಷ್ಟೆಂಬುದು ಡಬ್ಬಿಯ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿದೆ. ಕನ್ನಡಕ ಹಾಕಿಕೊಂಡು ಓದಿರಿ.

ಬೆಳ್ಳಗಾಗಿಸುವ ಮುಲಾಮಿನ ಕಥೆ ಇದಕ್ಕಿಂತ ನೋವಿನದು. ಫೇರ್ ಅಂಡ್ ಲವ್ಲಿ 1975ರಲ್ಲಿ ಮಾರುಕಟ್ಟೆಗೆ ಬಂದಿತು. ಮಗನಿಲ್ಲವೆಂದು ನಿಟ್ಟುಸಿರುಬಿಡುವ ತಂದೆ, ಅದನ್ನು ಕೇಳಿಸಿಕೊಂಡ ಕಪ್ಪು ಬಣ್ಣದ ಮಗಳು, ಮುಲಾಮು ಹಚ್ಚಿ ಬೆಳ್ಳಗಾಗಿ ಗಗನಸಖಿಯಾಗುವುದು: ಈ ಜಾಹೀರಾತು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅಖಿಲ ಭಾರತ ಜನವಾದಿ ಮಹಿಳಾ ಸಂಘಟನೆಯ ದೂರಿನ ಫಲವಾಗಿ 2003ರಲ್ಲಿ ಅದು ತೆರೆಯಿಂದ ಮರೆಯಾಯಿತು. ಕಪ್ಪು ಬಣ್ಣವನ್ನು ಕೀಳಾಗಿ ತೋರಿಸಬಾರದೆಂದು ಮಾನದಂಡ ಮಂಡಳಿ 2014ರಲ್ಲಿ ಮಾರ್ಗಸೂಚಿ ಹೊರಡಿಸಿತು. 2020ರಲ್ಲಿ ಮುಲಾಮಿನ ಹೆಸರಿನಿಂದ 'ಫೇರ್' ಎಂಬ ಪದವೇ ಹೋಗಿ 'ಗ್ಲೋ' ಬಂದಿತು. ಈ ನಲವತ್ತೈದು ವರ್ಷಗಳಲ್ಲಿ ನನ್ನ ತರಗತಿಗಳಲ್ಲಿ ಕುಳಿತ ಎಷ್ಟು ಹೆಣ್ಣುಮಕ್ಕಳು, ಗುಂಪು ಛಾಯಾಚಿತ್ರ ತೆಗೆಯುವಾಗ ಹಿಂದಿನ ಸಾಲಿಗೆ ತಾವಾಗಿಯೇ ಸರಿದು ನಿಂತರು! ಲೆಕ್ಕದಲ್ಲಿ ನೂರಕ್ಕೆ ತೊಂಬತ್ತು ತೆಗೆದ ಹುಡುಗಿಯೂ ಅವರಲ್ಲಿ ಇದ್ದಳು. ಬಣ್ಣದ ಈ ಪಕ್ಷಪಾತವನ್ನು ಜಾಹೀರಾತು ಹುಟ್ಟಿಸಲಿಲ್ಲ, ಅದು ನಮ್ಮ ವಧುಪರೀಕ್ಷೆಯ ಜಗಲಿಯಲ್ಲಿ ಮೊದಲೇ ಕುಳಿತಿತ್ತು. ಆದರೆ ಅದಕ್ಕೆ ಒಂದು ಬೆಲೆಚೀಟಿ ಅಂಟಿಸಿದ್ದು ಜಾಹೀರಾತೇ.

ಹಣ ಹೋದರೆ ಹೋಗಲಿ, ಪ್ರಾಣಕ್ಕೆ ಕುತ್ತು ಬರುವುದು ಔಷಧದ ವಿಷಯದಲ್ಲಿ. ನಮ್ಮ ಬಳಗದ ಹಿರಿಯರೊಬ್ಬರಿಗೆ ಹತ್ತಾರು ವರ್ಷಗಳಿಂದ ಸಕ್ಕರೆ ಕಾಯಿಲೆ. ರಾತ್ರಿ ಹತ್ತೂವರೆಯ ಮೇಲೆ ಅರ್ಧ ಗಂಟೆ ಬರುವ ಜಾಹೀರಾತು ಕಾರ್ಯಕ್ರಮದಲ್ಲಿ, ಬಿಳಿ ಕೋಟು ತೊಟ್ಟವರೊಬ್ಬರು ಒಂದು ಪುಡಿಯಿಂದ ಮೂರು ತಿಂಗಳಲ್ಲಿ ಸಕ್ಕರೆ ಕಾಯಿಲೆ ಬುಡಸಮೇತ ಹೋಗುವುದೆಂದು ಹೇಳಿದರು. ಇವರು ತರಿಸಿಕೊಂಡರು. ಡಾಕ್ಟರ ಮಾತ್ರೆಗಳನ್ನು ಮೊದಲು ಅರ್ಧ ಮಾಡಿ, ಆಮೇಲೆ ಬಿಟ್ಟೇಬಿಟ್ಟರು. ಚಪ್ಪಲಿ ಕಚ್ಚಿದ ಸಣ್ಣ ಗಾಯ ಮಾಯಲಿಲ್ಲ. ಕೊನೆಗೆ ಬಲಗಾಲಿನ ಎರಡು ಬೆರಳುಗಳನ್ನು ತೆಗೆಸಬೇಕಾಯಿತು. "ಟೀವಿಯಲ್ಲಿ ತೋರಿಸಿದ್ದಾರಲ್ಲಪ್ಪ, ಸುಳ್ಳಾದರೆ ಸರಕಾರ ಬಿಡುತ್ತಿತ್ತೇ?" ಎಂದು ಅವರು ಆಸ್ಪತ್ರೆಯ ಹಾಸಿಗೆಯಲ್ಲಿ ನನ್ನನ್ನು ಕೇಳಿದರು. ಮಧುಮೇಹ ಆ 54ರ ಅನುಸೂಚಿಯಲ್ಲಿದೆ, ಆ ಜಾಹೀರಾತೇ ಕಾನೂನುಬಾಹಿರವೆಂದು ಹೇಳಿದಾಗ ಅವರು ನಂಬಲಿಲ್ಲ. ಮುದ್ರಿತ ಕಾಯಿದೆ ಒಯ್ದು ತೋರಿಸಿದೆ. ಶಿಕ್ಷೆ ಮೊದಲ ಸಲಕ್ಕೆ ಆರು ತಿಂಗಳವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡೂ. ಕಾಗದದ ಮೇಲೆ.

ಯಂತ್ರ, ತಾಯಿತಗಳ ಮಾರಾಟದಲ್ಲಿ ಇನ್ನೊಂದು ತೊಡಕಿದೆ. 1954ರ ಕಾಯಿದೆ ರೋಗ ಮತ್ತು ದೇಹಕ್ಕೆ ಸಂಬಂಧಿಸಿದ್ದು. ಐಶ್ವರ್ಯ ತರುತ್ತೇನೆನ್ನುವ ಯಂತ್ರ ಅದರ ಬಲೆಗೆ ಸುಲಭವಾಗಿ ಬೀಳದು. ಔರಂಗಾಬಾದಿನಲ್ಲಿ ಶಿಕ್ಷಕವೃತ್ತಿಯವರೊಬ್ಬರು ಇದರ ವಿರುದ್ಧ ಹೈಕೋರ್ಟಿಗೆ ಹೋದರು (ನಮ್ಮ ವೃತ್ತಿಯವರೆಂದು ನನಗೆ ಹೆಮ್ಮೆ). ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ 2021ರ ಜನವರಿಯಲ್ಲಿ, ದೇವರ ಹೆಸರಿನಲ್ಲಿ ಅತಿಮಾನುಷ ಶಕ್ತಿಯುಂಟೆಂದು ಯಂತ್ರಗಳನ್ನು ಟೀವಿಯಲ್ಲಿ ಮಾರುವುದು ಮಹಾರಾಷ್ಟ್ರದ 2013ರ ಮಾಟಮಂತ್ರ ವಿರೋಧಿ ಕಾಯಿದೆಗೆ ವಿರುದ್ಧವೆಂದು ಸಾರಿತು. ಕರ್ನಾಟಕದಲ್ಲಿಯೂ 2017ರ ಕಾಯಿದೆಯೊಂದು 2020ರಿಂದ ಜಾರಿಯಲ್ಲಿದೆ.

ತೀರ ಇತ್ತೀಚಿನ ಪ್ರಕರಣ ನೀವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇ. ಭಾರತೀಯ ವೈದ್ಯಕೀಯ ಸಂಘದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಪತಂಜಲಿ ಸಂಸ್ಥೆಯನ್ನು 2023ರ ನವೆಂಬರಿನಲ್ಲಿ ಎಚ್ಚರಿಸಿತು. ಕೊಟ್ಟ ಮಾತು ಮೀರಿದ್ದಕ್ಕೆ 2024ರ ಫೆಬ್ರವರಿಯಲ್ಲಿ ನ್ಯಾಯಾಂಗ ನಿಂದನೆಯ ನೋಟೀಸು ನೀಡಿತು. ಪತ್ರಿಕೆಗಳಲ್ಲಿ ಕ್ಷಮಾಪಣೆ ಪ್ರಕಟವಾದಾಗ, ಅದು ನಿಮ್ಮ ಜಾಹೀರಾತುಗಳಷ್ಟೇ ದೊಡ್ಡದಾಗಿದೆಯೇ ಎಂದು ನ್ಯಾಯಪೀಠ ವಿಚಾರಿಸಿತು. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಅತ್ಯುತ್ತಮ ಪ್ರಶ್ನೆ ಅದು. ಆಗಸ್ಟಿನಲ್ಲಿ ಕ್ಷಮಾಪಣೆಯನ್ನು ಸ್ವೀಕರಿಸಿ ನಿಂದನಾ ಪ್ರಕರಣವನ್ನು ಮುಕ್ತಾಯಗೊಳಿಸಲಾಯಿತು.

2019ರ ಹೊಸ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈನಲ್ಲಿ ಜಾರಿಗೆ ಬಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವನ್ನು ಸ್ಥಾಪಿಸಿತು. ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಗಳವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ಸರಕನ್ನು ಹೊಗಳುವ ಸಿನಿಮಾ ನಟರೂ ಹೊಣೆಗಾರರು. ಸೆನ್ಸೊಡೈನ್ ಟೂತ್‌ಪೇಸ್ಟಿಗೆ 2022ರಲ್ಲಿ 10 ಲಕ್ಷ ದಂಡ ಬಿದ್ದಿತು: 'ವಿಶ್ವಾದ್ಯಂತ ದಂತವೈದ್ಯರ ಶಿಫಾರಸು' ಎಂಬ ಮಾತಿಗೆ ಅವರು ತೋರಿಸಿದ್ದು ಭಾರತದ ದಂತವೈದ್ಯರ ಸಮೀಕ್ಷೆಗಳನ್ನು. ಅದೇ ವರ್ಷದ ಜೂನ್ ತಿಂಗಳ ಮಾರ್ಗಸೂಚಿಯಲ್ಲಿ ಕನ್ನಡಿಗರಿಗೆ ಮುಖ್ಯವಾದ ಒಂದು ನಿಯಮವಿದೆ. ಜಾಹೀರಾತಿನ ಮಾತು ಯಾವ ಭಾಷೆಯಲ್ಲಿದೆಯೋ ಅದರ ಷರತ್ತಿನ ಟಿಪ್ಪಣಿಯೂ ಅದೇ ಭಾಷೆಯಲ್ಲಿರಬೇಕು. ಕನ್ನಡದಲ್ಲಿ ಹೊಗಳಿ, ಕೆಳಗೆ ಇಂಗ್ಲಿಷಿನ ಇರುವೆ ಅಕ್ಷರಗಳಲ್ಲಿ ಜಾರಿಕೊಳ್ಳುವುದು ಇನ್ನು ಮುಂದೆ ನಿಯಮಬಾಹಿರ. ಈ ಸಂಜೆಯೇ ಟೀವಿಯ ಮುಂದೆ ಕುಳಿತು ಎಷ್ಟು ಮಂದಿ ಇದನ್ನು ಪಾಲಿಸುತ್ತಿದ್ದಾರೆಂದು ಎಣಿಸಿ ನೋಡಿ.

ದೂರು ಕೊಡಲು ವಕೀಲರು ಬೇಕಿಲ್ಲ. 1915 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕನ್ನಡದಲ್ಲಿಯೇ ಮಾತನಾಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ, ತೆತ್ತ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ; ಎರಡು ವರ್ಷಗಳೊಳಗೆ ಅರ್ಜಿ ಹಾಕಿದರಾಯಿತು. ರಸೀದಿ, ಖಾಲಿ ಡಬ್ಬಿ, ಜಾಹೀರಾತು ಬಂದ ವಾಹಿನಿ, ದಿನಾಂಕ, ಗಂಟೆ ಇವಿಷ್ಟನ್ನು ಬರೆದಿಟ್ಟುಕೊಳ್ಳಿ. ಮೊಬೈಲಿನಲ್ಲಿ ಪರದೆಯ ಚಿತ್ರ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಅದನ್ನು ಹೇಗೆ ತೆಗೆಯುವುದೆಂದು ನನಗೆ ಕಲಿಸಿದವಳು ಎಂಟನೆಯ ತರಗತಿಯಲ್ಲಿ ಓದುತ್ತಿರುವ ಮೊಮ್ಮಗಳು.