ಕೀಶ್: ಕಣಕ ಗರಿಗರಿಯಾದರೆ ಅರ್ಧ ಗೆದ್ದಂತೆ

ಫ್ರಾನ್ಸ್‌ನ ಈಶಾನ್ಯ ಭಾಗದಲ್ಲಿ, ಜರ್ಮನಿಯ ಗಡಿಗೆ ಹೊಂದಿಕೊಂಡಿರುವ ಲೊರೇನ್ ಸೀಮೆಯ ಖಾದ್ಯ ಕೀಶ್. ಕೇಕ್ ಎಂಬ ಅರ್ಥದ ಜರ್ಮನ್ ಪದ 'ಕೂಖೆನ್' ಗಡಿನಾಡಿನ ಆಡುಮಾತಿನಲ್ಲಿ ಮಾರ್ಪಟ್ಟು ಈ ಹೆಸರು ಬಂದಿತೆನ್ನಲಾಗುತ್ತದೆ. ಆದರೆ ಇದು ಸಿಹಿಯಲ್ಲ. ಅಂಚು ಕಟ್ಟಿದ ಹಿಟ್ಟಿನ ಕವಚದೊಳಗೆ ಮೊಟ್ಟೆ ಮತ್ತು ಕೆನೆಯ ಮಿಶ್ರಣ ಸುರಿದು ಓವನ್‌ನಲ್ಲಿ ಬೇಯಿಸುವ ಉಪ್ಪಿನ ತಿನಿಸು.

ಸಾಂಪ್ರದಾಯಿಕ 'ಕೀಶ್ ಲೊರೇನ್'ನಲ್ಲಿ ಮೊಟ್ಟೆ, ಕೆನೆಯ ಜೊತೆಗೆ ಹೊಗೆಯಾಡಿಸಿದ ಹಂದಿಮಾಂಸದ ತುಣುಕುಗಳಷ್ಟೇ ಇರುತ್ತವೆ. ಇಂದು ಅನಿವಾರ್ಯವೆಂಬಂತಾಗಿರುವ ಚೀಸ್ ನಂತರದ ಸೇರ್ಪಡೆ. ಈರುಳ್ಳಿ ಬೆರೆತರೆ ಅದು ನೆರೆಯ ಅಲ್ಸಾಸ್‌ನ ಕೀಶ್.

ಮನೆಯಲ್ಲಿ ಮಾಡಿದ ಕೀಶ್ ಕೆಡುವುದು ಬಹುತೇಕ ತಳದಲ್ಲಿಯೇ. ಹೋಳಿಗೆಯ ಕಣಕವನ್ನು ಹಿಗ್ಗುವಂತೆ ಚೆನ್ನಾಗಿ ನಾದಬೇಕು. ಕೀಶ್‌ನ ಕಣಕಕ್ಕೆ ನಾದುವುದೇ ಶತ್ರು. 250 ಗ್ರಾಂ ಮೈದಾಗೆ ಚಿಟಿಕೆ ಉಪ್ಪು ಹಾಗೂ 125 ಗ್ರಾಂ ತಣ್ಣನೆಯ ಬೆಣ್ಣೆ ಸೇರಿಸಿ ರವೆಯಂತಾಗುವವರೆಗೆ ಬೆರಳ ತುದಿಯಲ್ಲಿ ಉಜ್ಜಬೇಕು. ಮೂರು-ನಾಲ್ಕು ದೊಡ್ಡ ಚಮಚ ತಣ್ಣೀರಿನಲ್ಲಿ ಹಿಟ್ಟು ಒಗ್ಗೂಡಿದರೆ ಸಾಕು. ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, ಲಟ್ಟಿಸಿ, 23 ಸೆಂ.ಮೀ. ಅಗಲದ ತಟ್ಟೆಗೆ ಹಾಸಿ ಫೋರ್ಕ್‌ನಿಂದ ಚುಚ್ಚಬೇಕು. ಮೇಲೆ ಬೇಕಿಂಗ್ ಕಾಗದ ಹರಡಿ, ಒಣ ಕಡಲೆಕಾಳಿನ ಭಾರ ಹೇರಿ 190 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷ, ಬಳಿಕ ಕಾಳು ತೆಗೆದು ಇನ್ನೂ ಐದಾರು ನಿಮಿಷ ಬೇಯಿಸಬೇಕು. ಅವಸರದಲ್ಲಿ ಈ ಹಂತ ಬಿಟ್ಟವರಿಗೆ ಸಿಗುವುದು ಹಸಿ ಹಿಟ್ಟಿನ ತಳ.

ಅರ್ಧದಷ್ಟು ಗೋಧಿಹಿಟ್ಟು ಬೆರೆಸಿದರೆ ನೀರು ತುಸು ಹೆಚ್ಚು ಬೇಕು. ಪಫ್ ಪೇಸ್ಟ್ರಿಯೂ ಆದೀತು. ತುರಿದ ಆಲೂಗಡ್ಡೆಯನ್ನು ಹಿಂಡಿ, ತಟ್ಟೆಗೆ ಒತ್ತಿ ಕೆಂಪಗೆ ಬೇಯಿಸಿಕೊಂಡರೆ ಮೈದಾದ ಗೊಡವೆಯೇ ಇಲ್ಲ. ಕವಚವೇ ಇಲ್ಲದ ಕೀಶ್ ಕೂಡ ಚಾಲ್ತಿಯಲ್ಲಿದೆ. ರುಚಿಗೆ ಕೊರತೆಯಿಲ್ಲವಾದರೂ ಅದು ಆಮ್ಲೆಟ್‌ನ ಹತ್ತಿರದ ನೆಂಟ.

ಹೂರಣಕ್ಕೆ ಮೂರು ಮೊಟ್ಟೆ, ಕೆನೆ ಮತ್ತು ಹಾಲು ತಲಾ 150 ಮಿ.ಲೀ., ಉಪ್ಪು, ಕಾಳುಮೆಣಸು, ತುಸು ಜಾಯಿಕಾಯಿ. ಭಾರತದಲ್ಲಿ ಪೊಟ್ಟಣದಲ್ಲಿ ದೊರೆಯುವ ಶೇ 25 ಕೊಬ್ಬಿನ ಕೆನೆಯೂ ಸಲ್ಲುತ್ತದೆ. ತರಕಾರಿ ಯಾವುದಾದರೂ ಸರಿ, ಅದರ ನೀರು ಮಾತ್ರ ಒಳಗೆ ಹೋಗಬಾರದು. ಪಾಲಕ್ ಸೊಪ್ಪನ್ನು ಬಾಡಿಸಿ ಹಿಂಡಬೇಕು, ಅಣಬೆಯನ್ನು ನೀರು ಇಂಗುವವರೆಗೆ ಹುರಿಯಬೇಕು, ಟೊಮೆಟೊದ ತಿರುಳು ತೆಗೆಯಬೇಕು. ಮಾಂಸವನ್ನು ಮೊದಲೇ ಬೇಯಿಸಿಕೊಂಡಿರಬೇಕು.

180 ಡಿಗ್ರಿಯಲ್ಲಿ 30ರಿಂದ 35 ನಿಮಿಷ ಬೇಯಿಸಿದಾಗ ಅಂಚು ಗಟ್ಟಿಯಾಗಿ ನಡುಭಾಗ ಇನ್ನೂ ಸಣ್ಣಗೆ ನಡುಗುತ್ತಿರುತ್ತದೆ. ಹೊರತೆಗೆಯಬೇಕಾದುದು ಆಗಲೇ, ಉಳಿದ ಬಿಸಿಗೆ ಅದು ತಾನಾಗಿ ಗಟ್ಟಿಯಾಗುತ್ತದೆ. ಹೆಚ್ಚು ಬೆಂದರೆ ಮೊಟ್ಟೆ ಒಡೆದು ನೀರು ಬಿಡುತ್ತದೆ. ಕಾಲು ಗಂಟೆ ಆರಿದ ನಂತರವೇ ಕತ್ತರಿಸಬೇಕು. ಉಳಿದುದನ್ನು ಮರುದಿನ ಓವನ್‌ನಲ್ಲೇ ಬಿಸಿ ಮಾಡುವುದು ಲೇಸು, ಮೈಕ್ರೋವೇವ್‌ನಲ್ಲಿ ಕಣಕ ಮೆತ್ತಗಾಗುತ್ತದೆ.